ಎರಡು ಬಣ್ಣದ ಬೆನ್ನು

ಅತ್ತೆಯ ಬೆನ್ನಿನ ಕೆಳಗೆ ಹಾಸಿಗೆಹುಣ್ಣು ಎದ್ದಂದಿನಿಂದ ಸೊಸೆಗೆ ಹಗಲಿರುಳುಗಳ ಭೇದವೇ ಅಳಿದುಹೋಗಿತ್ತು. ಸೊಂಟ ಮುರಿದು ಮಲಗಿದವರನ್ನು ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಬೇಕು; ಹುಣ್ಣನ್ನು ಉಪ್ಪುನೀರಿನಿಂದ ತೊಳೆದು ಹೊಸ ಪಟ್ಟಿ ಹಾಕಬೇಕು; ಹಾಕುವ ಮುನ್ನ, ಗಂಡ ಕಾರ್ಖಾನೆಗೆ ಹೋಗುವಾಗ ಬಿಟ್ಟುಹೋಗುವ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಡಾಕ್ಟರಿಗೆ ಕಳುಹಿಸಬೇಕು. "ಕೆಂಪಗಿದ್ರೆ ಭಯ ಇಲ್ಲಮ್ಮ. ಕಪ್ಪಗಾದ್ರೆ ಮಾತ್ರ ತಡಮಾಡೋ ಹಾಗಿಲ್ಲ, ಸೀದಾ ಆಸ್ಪತ್ರೆಗೆ ಸೇರಿಸಿಬಿಡೋಣ" ಎಂದು ಅವರು ಮೊದಲೇ ಹೇಳಿದ್ದರು. ಅತ್ತೆಯಾದರೋ, ಆಸ್ಪತ್ರೆಯಿಂದ ಮರಳಿದ ದಿನವೇ ಸೊಸೆಯ ಕೈ ಹಿಡಿದು, "ಸತ್ರೆ ಇಲ್ಲೇ ಸಾಯ್ತೀನಿ, ಅಲ್ಲಿಗೆ ಮಾತ್ರ ಮತ್ತೆ ಕಳಿಸ್ಬೇಡ ಕಣೇ" ಎಂದು ಬೇಡಿಕೊಂಡಿದ್ದರು.

ಆ ಮೊಬೈಲು ಕ್ಯಾಮೆರಾ ಹೊತ್ತು ಬಂದ ಮೊದಮೊದಲ ಪೀಳಿಗೆಯದು. ಫ್ಲ್ಯಾಷ್ ಇಲ್ಲ, ಹತ್ತಿರ ಹಿಡಿದರೆ ಎಲ್ಲವೂ ಕಲಸಿದಂತೆ, ಜೂಮ್ ಒತ್ತಿದರೆ ಚರ್ಮವು ಚೌಕಚೌಕವಾಗಿ ಒಡೆಯುವುದು. ಯಾವ ಬೆಳಕಿನಲ್ಲಿದ್ದೇವೆಂಬುದನ್ನೂ ಅದಕ್ಕೆ ನಾವೇ ತಿಳಿಸಬೇಕು: ಬಿಸಿಲಿಗೆ ಸೂರ್ಯನ ಗುರುತು, ಮಬ್ಬಿಗೆ ಮೋಡದ್ದು, ಬಲ್ಬಿಗೂ ಟ್ಯೂಬ್‌ಲೈಟಿಗೂ ಬೇರೆಬೇರೆ. ಗುರುತು ತಪ್ಪಿದರೆ ಬಣ್ಣವೂ ತಪ್ಪುವುದು.

ಅಂದು ಮಧ್ಯಾಹ್ನ ಕೋಣೆಯಲ್ಲಿ ಉರಿಯುತ್ತಿದ್ದುದು ಟ್ಯೂಬ್‌ಲೈಟು; ಸೊಸೆಯ ದಣಿದ ಹೆಬ್ಬೆರಳು ಅದರ ಗುರುತನ್ನು ದಾಟಿ ಬಲ್ಬಿನ ಮೇಲೆ ನಿಂತಿತು. ತೆಗೆದ ಚಿತ್ರದಲ್ಲಿ ಬಿಳಿಯ ಹಾಸು ನೀಲಿಯಾಗಿ, ಹುಣ್ಣು ಇದ್ದಿಲಿನಂತೆ ಕಪ್ಪಾಗಿ ಕಂಡಿತು. ಅವಳು ಬೆಚ್ಚಿ ಬೆನ್ನನ್ನೇ ನೋಡಿದಳು. ಅಲ್ಲಿ ಎಳೆಗೆಂಪು ಮಾಂಸ, ಅಂಚಿನಲ್ಲಿ ಹೊಸದಾಗಿ ಕೂಡುತ್ತಿರುವ ಚರ್ಮ. ಚಿತ್ರವನ್ನು ಅಳಿಸಿ ಮತ್ತೊಂದನ್ನು ತೆಗೆಯಬೇಕಿತ್ತು. ಅವಳು ಅಳಿಸಲಿಲ್ಲ.

ಒಂದು ಗುಂಡಿ ಒತ್ತಿದರೆ ಸಾಕು. ಸಂಜೆಯೊಳಗೆ ಆಂಬುಲೆನ್ಸ್ ಬರುವುದು. ಮಗ್ಗುಲು ಹೊರಳಿಸಲು ನರ್ಸುಗಳಿರುವರು. ತಾನು ಈ ನೆಲದ ಮೇಲೆ ಕೈಕಾಲು ಚಾಚಿ, ಯಾರೂ ಕರೆಯದ ನಿದ್ದೆಯೊಂದನ್ನು ಮಾಡಬಹುದು. ಸುಳ್ಳಾಡಬೇಕಿರಲಿಲ್ಲ, ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ಆದರೆ ನಾಲಗೆ ಸುಮ್ಮನಿದ್ದ ಮಾತ್ರಕ್ಕೆ ಸತ್ಯ ಉಳಿಯುತ್ತದೆಯೇ? ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು.

"ಏನೇ, ಫೋಟೋ ತೆಗೀತಿದ್ದೀಯೋ, ಮದುವೆ ಆಲ್ಬಮ್ ಮಾಡಿಸ್ತಿದ್ದೀಯೋ?" ಎಂದರು ಗೋಡೆಯತ್ತ ಮುಖಮಾಡಿ ಮಲಗಿದ್ದ ಅತ್ತೆ. "ಹುಟ್ಟಿದಾಗಿಂದ ನನ್ನ ಬೆನ್ನನ್ನ ನಾನೇ ನೋಡಿಲ್ಲ. ಇಲ್ಲಿ ಕೊಡು."

ಸೊಸೆ ಯೋಚಿಸದೆ ಮೊಬೈಲನ್ನು ಅವರ ಕಣ್ಣೆದುರು ಹಿಡಿದಳು.

ಅತ್ತೆಯ ನಗೆ ಅಡಗಿತು. ಬಹಳ ಹೊತ್ತು ನೋಡಿದರು. "ಇಷ್ಟು ಕಪ್ಪಗಾಗಿದೆಯಾ?" ಎಂದರು. ಬಳಿಕ ಅಳಲಿಲ್ಲ, ಬೇಡಲೂ ಇಲ್ಲ. "ಸರಿ. ನನ್ನ ದಪ್ಪ ಹೊದಿಕೆ ಚೀಲಕ್ಕೆ ಹಾಕು. ಅಲ್ಲಿ ರಾತ್ರಿ ಚಳಿ."

ಸೊಸೆ ಮೊಬೈಲನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. "ಇಲ್ಲ ಅತ್ತೆ, ಕಪ್ಪಗಾಗಿಲ್ಲ. ಗುರುತು ತಪ್ಪಿ ಬಲ್ಬಿಗೆ ಹೋಗಿತ್ತು. ಇರಿ, ಇನ್ನೊಂದು ತೆಗೀತೀನಿ." ಈ ಬಾರಿ ಟ್ಯೂಬ್‌ಲೈಟಿನ ಗುರುತನ್ನೇ ಆರಿಸಿ ತೆಗೆದು ತೋರಿಸಿದಳು. ಅತ್ತೆ ಎರಡನ್ನೂ ನೋಡಿದರು, ಆಮೇಲೆ ಸೊಸೆಯ ಮುಖವನ್ನು ನೋಡಿದರು.

"ತಪ್ಪಿದ್ದು ಅಂತ ಗೊತ್ತಿತ್ತಲ್ಲ, ಯಾಕೆ ಅಳಿಸ್ಲಿಲ್ಲ?"

"ಮಲಗ್ಬೇಕು ಅನ್ನಿಸ್ತು ಅತ್ತೆ."

ಸೊಸೆ ಕೆಂಪು ಚಿತ್ರವನ್ನು ಡಾಕ್ಟರಿಗೆ ಕಳುಹಿಸಿ, ತಲೆ ತಗ್ಗಿಸಿಕೊಂಡು ಪಟ್ಟಿ ಕಟ್ಟತೊಡಗಿದಳು.

"ಆ ಕರಿ ಬೆನ್ನನ್ನ ನಿನ್ನ ನಾದಿನಿಗೆ ಕಳಿಸು" ಎಂದರು ಅತ್ತೆ.

"ಅಯ್ಯೋ, ಅವರು ಹೆದರಿಬಿಡ್ತಾರೆ!"

"ಹೆದರ್ಲಿ. ಹೆತ್ತ ಮಗಳು, ಅರ್ಧ ದಿನದ ಬಸ್ಸು. ಮುಂದಿನ ವಾರ ಬರ್ತೀನಿ, ಮುಂದಿನ ವಾರ ಬರ್ತೀನಿ ಅಂತ ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ನಿಜ ನಾನೇ ಹೇಳ್ತೀನಿ. ನೀನು ಕಳಿಸು."

ಚಿತ್ರ ನಿಧಾನವಾಗಿ ಹೋಯಿತು. ಕರೆ ಮಾತ್ರ ಬೇಗನೆ ಬಂತು. ಅತ್ತೆಯೇ ಮೊಬೈಲನ್ನು ಕಿವಿಗೊತ್ತಿಕೊಂಡರು. ಅತ್ತ ಕಡೆಯ ಅಳು ಕೋಣೆಗೆಲ್ಲ ಕೇಳಿಸಿತು.

"ಅಳ್ಬೇಡ್ವೇ. ಹುಣ್ಣು ವಾಸಿಯಾಗ್ತಿದೆ, ಅದು ಈ ಡಬ್ಬದ ಬಣ್ಣ. ಕಪ್ಪಗಾಗಿರೋದು ನಿನ್ನ ಅತ್ತಿಗೆ ಮುಖ. ಅದರ ಫೋಟೋ ತೆಗೆಯೋರು ಈ ಮನೇಲಿ ಯಾರೂ ಇಲ್ಲ... ಹೌದು, ಬೇಕು ಅಂತಲೇ ಕಳಿಸಿದೆ. ಬೈಯ್ಕೋ. ಬೈಯ್ಕೊಂಡೇ ಬಸ್ ಹತ್ತು. ಏನು, ನಾಳೆ ಬೆಳಗ್ಗೇನಾ? ಮಾತು ತಪ್ಪಿದ್ರೆ ನೋಡು ಮತ್ತೆ. ಒಂದು ವಾರಕ್ಕೆ ಬಟ್ಟೆ ತಗೊಂಡು ಬಾ."

ಪಟ್ಟಿ ಕಟ್ಟಿ ಮುಗಿಸಿದ ಸೊಸೆ ಬೋಗುಣಿಯನ್ನು ಎತ್ತಿಡಲೆಂದು ಮುಂದೆ ಬಾಗಿದವಳು, ಹಾಗೆಯೇ ಮಂಚದ ಕಾಲಿಗೆ ತಲೆಯೊರಗಿಸಿಬಿಟ್ಟಿದ್ದಳು. ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು. ಮಗ್ಗುಲು ಬದಲಿಸುವ ಹೊತ್ತು ಸಮೀಪಿಸಿತ್ತು; ಅತ್ತೆ ಅವಳನ್ನು ಎಬ್ಬಿಸಲಿಲ್ಲ.

"ಮೆಲ್ಲಗೆ ಮಾತಾಡೇ" ಎಂದು ಮಗಳನ್ನು ಗದರಿದರು, "ಇಲ್ಲಿ ಮಲಗಿದ್ದಾಳೆ."