ಸ್ವಿಚ್ಚಿನೊಳಗಿನ ಬೇವಿನೆಲೆ

ಕರ್ರಗಿದ್ದ ತುದಿ ಬೆಳ್ಳಗಾಯಿತಲ್ಲ, ಹಿತ್ತಾಳೆ ಹೀಗೆ ಹೊಳೆಯುವುದಿಲ್ಲ, ಅವ್ವಣ್ಣ ಉಜ್ಜುವ ಕಾಗದ ಕೆಳಗಿಟ್ಟ — ಅರವತ್ತು ವರ್ಷದ ಕಾರಿನ ಹೆಡ್‌ಲೈಟ್ ಸ್ವಿಚ್ಚು ಅಂಗೈ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿದೆ, ಸ್ಪ್ರಿಂಗು ಮುರಿದಿದೆ, ಐದು ಗಂಟೆಯೊಳಗೆ ದೀಪ ಹತ್ತದಿದ್ದರೆ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಹೊಸದು ಕೂಡಿಸಬೇಕು, ನೀತಾ ಮೇಡಂ ಬೆಳಿಗ್ಗೆಯೇ ಹೇಳಿ ಹೋಗಿದ್ದಾರೆ, ಹಳೇದು ಒಗದಬಿಡ್ರಿ ಅವ್ವಣ್ಣ, ನಮ್ಮ ಮಾವನವರ ಕಾರು, ಲೈಟ್ ಹತ್ತಿದ್ರ ಸಾಕು. ಒಗೆಯಬೇಕಂತೆ! ಬಿಬವೇವಾಡಿಯ ಈ ಶೆಡ್ಡಿನಲ್ಲಿ ಮೂವತ್ತು ವರ್ಷ ಸ್ವಿಚ್ಚು ಬಿಚ್ಚಿದ್ದಾನೆ, ಕರೆಂಟು ತಾಗುವ ತುದಿಗೆ ಬೆಳ್ಳಿ ಬೆಸೆದದ್ದು ಕಂಡಿದ್ದಾನೆ, ಆದರೆ ಕಂಪನಿಯವರು ಬೆಳ್ಳಿಯ ಮೇಲೆ ಬೇವಿನೆಲೆ ಕೆತ್ತುತ್ತಾರೆಯೇ, ಭೂತಗನ್ನಡಿ ಎಲ್ಲಿ, ಇಲ್ಲಿ, ಅರ್ಧ ಎಲೆ ಇವನೇ ಉಜ್ಜಿ ಅಳಿಸಿದ್ದಾನೆ, ಥೂ ಇವನ ಕೈಗಿಷ್ಟು, ಉಳಿದರ್ಧ ಎಲೆ, ಅಂಚಿಗೆ ಮೂರು ಚುಕ್ಕಿ — ಅವ್ವನ ಕಾಲುಂಗುರ.

ಎಡಗಾಲಿಗೆ ಇತ್ತು, ಬಲಗಾಲಿಗೆ ಇರಲಿಲ್ಲ, ಎರಡನೇ ಬೆರಳಿಗೆ ಬರೀ ಬಿಳೀ ಪಟ್ಟಿ, ನೀರಿಗೆ ಪಾಳಿ ನಿಂತಾಗ ನೆರೆಮನೆಯ ಇಂದೂಬಾಯಿ ಎಲ್ಲರ ಮುಂದೆ ಕೇಳುತ್ತಿದ್ದಳು, ಏನ ಸಕ್ಕುಬಾಯಿ, ಗಂಡ ಗಟ್ಟಿ ಅದಾನ, ಒಂದ ಕಾಲಾಗ ಹಾಕ್ಕೊಂಡ ತಿರಗತೀಯಲ್ಲ, ಅವ್ವ ನಗುತ್ತಿದ್ದಳು, ಸಾಸವಡದಾಗ ಪಾಲಕಿ ಜಾತ್ರಿ ಗದ್ದಲದಾಗ ಕಳೀತ್ರೀ ಅಕ್ಕಾ, ಇವನೂ ನಂಬಿದ್ದ, ಪ್ರತಿ ವರ್ಷ ಪಾಲಕಿ ಹೋದ ದಾರಿಯಲ್ಲಿ ನೆಲ ನೋಡುತ್ತ ನಡೆದಿದ್ದ. ಅಪ್ಪ ಕಾಶಪ್ಪ ಆಗಷ್ಟೇ ಊರು ಬಿಟ್ಟು ಬಂದು ಸ್ವಾರಗೇಟಿನ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತಿದ್ದ, ಸಾಹೇಬರೊಬ್ಬರ ಕಾರಿನ ದೀಪ ಹತ್ತದಿದ್ದರೆ ನಾಳೆಯಿಂದ ಬರಬೇಡ ಅಂದಿದ್ದನಂತೆ ಮಾಲೀಕ, ಹೆಂಗೋ ಆತು ನೋಡು, ಅಷ್ಟೇ ಅಪ್ಪ ಹೇಳುತ್ತಿದ್ದದ್ದು, ಹೆಂಗೋ! ಅಬ್ಬಾ, ಅವ್ವ ಬೆರಳಿಗೆ ಸೋಪು ಹಚ್ಚಿ ಜಗ್ಗಿ ಬಿಚ್ಚಿಕೊಟ್ಟದ್ದು, ಅಪ್ಪ ಅದನ್ನು ತುಂಡರಿಸಿ ಈ ತುದಿಗೆ ಬೆಸೆದದ್ದು ಆ ಮಾತಿನೊಳಗೆ ಕೂತಿತ್ತೇ, ಇಬ್ಬರೂ ಹೋದರು, ಬಾಯಿ ಬಿಡಲಿಲ್ಲ, ಇಷ್ಟು ವರ್ಷ ಇದು ಯಾರ್ಯಾರಿಗೋ ದಾರಿ ತೋರಿಸುತ್ತ ತಿರುಗಿದೆ. ಬೆಳ್ಳಿಗೆ ಕಾವು ತಾಗಿಸಬಾರದು, ಅಪ್ಪನ ಬೆಸುಗೆ ಬಿಟ್ಟು ಉದುರೀತು, ಬೇರೆ ಸ್ವಿಚ್ಚಿನ ಸ್ಪ್ರಿಂಗು ಕತ್ತರಿಸಿದ, ಉಸಿರು ಹಿಡಿದು ಕೂಡಿಸಿದ, ಮುಚ್ಚಳ, ವೈರು, ಹೊರಗೆ ನೀತಾ ಮೇಡಂ ಬಂದ ಸದ್ದು, ಆಯ್ತೇನ್ರಿ, ತಡೀರಿ ಒಂದೀಟ, ಗುಂಡಿ ಹಿಡಿದು ಎಳೆದ — ಟಕ್ — ಎದುರು ಗೋಡೆಯ ಮೇಲೆ ಎರಡು ಹಳದಿ ಬೆಳಕು, ಅಯ್ಯ ಭಾಳ ಛಂದ ಹತ್ತೇದಲ್ರಿ, ಹೆಂಗ ಮಾಡಿದ್ರಿ, ಹೆಂಗೋ ಆತ್ರಿ, ಅಂದುಬಿಟ್ಟ, ಅಪ್ಪನ ಮಾತೇ ಬಾಯಿಗೆ ಬಂತು, ಮತ್ತೆ ಆರಿಸಿದ, ಮತ್ತೆ ಎಳೆದ, ಬೆಳಕು, ಬೆಳಕಿನಲ್ಲಿ ಆ ಬೆರಳು, ಎರಡನೇ ಬೆರಳು, ಬಿಳೀ ಪಟ್ಟಿ, ಬರೀ ಬೆರಳು —