ಸಗೋತ್ರದ ಕಾಕಾ

ಕಲಬುರಗಿಯ ಜೇವರ್ಗಿ ಕಾಲೋನಿಯ ಶಾಲೆಯಲ್ಲಿ ಪಾಲಕರ ಸಭೆ ನಡೆದಾಗ ಮುಕುಂದರಾಯರು ಮಾಡಿದ ಭಾಷಣವನ್ನು ಕೇಳಿದವರು ಇನ್ನೂ ಮರೆತಿಲ್ಲ. ಮರೆತಿದ್ದರೆ ಮುಕುಂದರಾಯರಿಗೇ ಒಳ್ಳೆಯದಿತ್ತು.

ಅದು ಎರಡು ಸಾವಿರದ ಆರನೆಯ ಇಸವಿ. ಕಾಲೋನಿಯಲ್ಲಿ ಅಲ್ಲೊಂದು ಇಲ್ಲೊಂದು ಮನೆಗೆ ಇಂಟರ್ನೆಟ್ಟು ಬಂದಿತ್ತು. ಉಳಿದ ಮಕ್ಕಳು ಸೈಬರ್ ಕೆಫೆಯ ಪರದೆಯ ಹಿಂದೆ ಕೂತು ಏನು ನೋಡುತ್ತಾರೋ ಎಂದು ತಾಯಿತಂದೆಗಳಿಗೆ ದಿಗಿಲು. ಖಜಾನೆ ಕಚೇರಿಯ ಮುಕುಂದರಾಯರ ಮನೆಯಲ್ಲಿ ಕಂಪ್ಯೂಟರೂ ಇತ್ತು, ಇಂಟರ್ನೆಟ್ಟೂ ಇತ್ತು, ಎಲ್ಲದರ ಬಗ್ಗೆಯೂ ಅಭಿಪ್ರಾಯ ಇತ್ತು. ಹಾಗಾಗಿ ಮುಖ್ಯೋಪಾಧ್ಯಾಯಿನಿ ಶಿವಕಾಂತಮ್ಮ ಅವರನ್ನೇ ಮಾತಾಡಲು ಕರೆದರು.

"ಕಂಪ್ಯೂಟರ್ ಪಡಸಾಲ್ಯಾಗ ಇಡ್ರಿ, ಒಳಗಿನ ಖೋಲ್ಯಾಗ ಬ್ಯಾಡ. ಪಾಸ್‌ವರ್ಡ್ ನಿಮ್ಮ ಹತ್ರ ಇರಲಿ. ಗುರುತಿಲ್ಲದವ್ರು ಯಾರು ಕೇಳಿದ್ರೂ ಹೆಸರು, ಊರು ಹೇಳಬ್ಯಾಡ್ರಿ ಅಂತ ಕಲಸ್ರಿ. ಹುಡುಗರ ಹಿಂದ ಕುರ್ಚಿ ಹಾಕ್ಕೊಂಡು ಕುಂದರ್ರಿ. ನನ್ನ ಮಗಳ ಹಿಂದ ನಾನ ಕುಂದರ್ತೀನಿ."

ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿದ್ದ ಮಗಳು ವೃಂದಾ ಮಾತ್ರ ಕಾಲ ಬೆರಳು ನೋಡುತ್ತ ಕೂತಿದ್ದಳು. ಒಂಬತ್ತನೆಯ ಇಯತ್ತೆಯ ಹುಡುಗಿ, ಹದಿಮೂರು ತುಂಬಿತ್ತು. ಆ ಹೊತ್ತಿಗೆ ಒಬ್ಬ ಗಂಡಸು ಇಂಟರ್ನೆಟ್ಟಿನಲ್ಲಿ ಅವಳ ಬೆನ್ನು ಹತ್ತಿ ತಿಂಗಳಾಗಿತ್ತು. ಹುಡುಗಿ ಅದನ್ನು ಅಪ್ಪನಿಗೆ ಹೇಳಿಯೂ ಆಗಿತ್ತು.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಆ ಮನೆಯ ಒಂದು ಪದ್ಧತಿ ಗೊತ್ತಿರಬೇಕು. ಹಿರಿಯರು "ಯಾರ ಪೈಕಿ ನೀನು?" ಎಂದು ಕೇಳಿದರೆ ಮಕ್ಕಳು ನೆಟ್ಟಗೆ ನಿಂತು, ಕೈ ಮುಗಿದು, ಪೂರ್ತಿ ಒಪ್ಪಿಸಬೇಕು. ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಗೋತ್ರ, ಮೂಲ ಊರು, ಈಗಿನ ಮನೆ. ಕೆಲವು ವರ್ಷದ ಹಿಂದೆ ಒಂದು ಮದುವೆಯಲ್ಲಿ ಯಾರೋ ಮುದುಕರು ಕೇಳಿದಾಗ ವೃಂದಾ ನಾಚಿಕೊಂಡು ತಾಯಿಯ ಸೆರಗಿನ ಹಿಂದೆ ಸರಿದಿದ್ದಳು. ಮುಕುಂದರಾಯರು ಊಟದ ಪಂಕ್ತಿಯ ನಡುವೆ ಅವಳನ್ನು ನಿಲ್ಲಿಸಿ, "ಹಿರಿಯರಿಗೆ ಹಿಂಗ ಮಾಡ್ತಾರೇನು?" ಎಂದು ಎಲ್ಲರೆದುರು ಗದರಿದ್ದರು. ಹುಡುಗಿ ಅಳುತ್ತಲೇ ಪೂರ್ತಿ ಹೇಳಿದ್ದಳು. ಆಮೇಲೆ ಎಂದೂ ತಪ್ಪಿರಲಿಲ್ಲ. ಬಂದವರ ಮುಂದೆ ಅವಳು ಗಡಗಡ ಒಪ್ಪಿಸುವಾಗ ಅಪ್ಪನ ಮುಖ ಊರಗಲ ಆಗುತ್ತಿತ್ತು.

ಇಂಟರ್ನೆಟ್ಟು ಬಂದ ಮೇಲೆ ಮುಕುಂದರಾಯರು ಮೊದಲು ಹುಡುಕಿದ್ದೇ ತಮ್ಮ ಸಮಾಜದವರ ವೆಬ್‌ಸೈಟು. ಪುಣೆ, ಸೊಲ್ಲಾಪುರ, ಹೈದರಾಬಾದು, ಎಲ್ಲೆಲ್ಲಿಯೋ ಚೆದುರಿದ ಮನೆತನದವರು ಅಲ್ಲಿ ಹರಟುತ್ತಿದ್ದರು. ರಾಯರಿಗೆ ಕೀಲಿಮಣೆಯ ಮೇಲೆ ಬೆರಳು ಓಡದು. ಅದಕ್ಕೇ ಮಗಳನ್ನು ಕೂರಿಸಿ, ತಾವು ಹಿಂದೆ ಕುರ್ಚಿ ಹಾಕಿಕೊಂಡು ಹೇಳಿ ಬರೆಸುತ್ತಿದ್ದರು. ಅಲ್ಲಿ ಸಿಕ್ಕವನೇ ಮಾಧವ ಕಾಕಾ. ಪುಣೆಯಲ್ಲಿ ನಿವೃತ್ತ ಪ್ರೊಫೆಸರ್ ಎಂದು ಹೇಳಿಕೊಂಡಿದ್ದ.

"ನಿಮ್ಮ ಗೋತ್ರ ಯಾವುದು?" ಎಂದು ಆತ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕೇಳಿದ.

"ಕೌಶಿಕ ಅಂತ ಬರಿ," ಎಂದರು ರಾಯರು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ತಮ್ಮದೂ ಕೌಶಿಕವೇ ಅಂತೆ.

ವೃಂದಾ ತಿರುಗಿ ನೋಡಿದಳು. "ಅಪ್ಪಾ, ನಾವು ಹೇಳಿದ ಮ್ಯಾಲ ಅವರು ಹೇಳಿದ್ರು."

"ಮತ್ತ, ಕೇಳೂಕಿಂತ ಮೊದಲ ಹೆಂಗ ಹೇಳ್ತಾರ? ನೀ ಬರಿ."

ಸಗೋತ್ರದವನೆಂದರೆ ಆ ಮನೆತನಗಳಲ್ಲಿ ಮಾತೇ ಮುಗಿಯಿತು. ಒಂದೇ ಗೋತ್ರದವರು ಒಂದೇ ರಕ್ತ, ಹುಡುಗಿಗೆ ತಂದೆಯ ಸಮಾನ, ನಡುವೆ ಮದುವೆಯ ಮಾತೂ ಎತ್ತುವ ಹಾಗಿಲ್ಲ. ಗುರುತಿಲ್ಲದವರಿಗೆ ಊರು ಹೇಳಬಾರದೆಂಬ ನಿಯಮ ರಾಯರಿಗೆ ನೆನಪಿತ್ತು. ಆದರೆ ಸಗೋತ್ರದವನು ಗುರುತಿಲ್ಲದವನು ಹೇಗಾದಾನು? ಕಾಕಾ ಕೇಳುತ್ತ ಹೋದ, ರಾಯರು ಹೇಳುತ್ತ ಹೋದರು, ಹುಡುಗಿ ಬರೆಯುತ್ತ ಹೋದಳು. ಅಜ್ಜನ ಹೆಸರು ನರಸಿಂಹಾಚಾರ್ಯ, ಮೂಲ ಮನೆ ಕಮಲಾಪುರ, ಗುಡಿಯ ಹಿಂದಿನ ಓಣಿ, ಮಹಡಿ ಇರುವ ಮನೆ, ಅಲ್ಲಿ ಅಜ್ಜಿ ಚಂದ್ರಾಬಾಯಿ ಮತ್ತು ದೊಡ್ಡಪ್ಪನ ಸಂಸಾರ, ದಸರೆಯ ಸೂಟಿಗೆ ಹುಡುಗಿ ಅಲ್ಲಿಗೇ ಹೋಗುವುದು. ಇನ್ನು ಹಿಂದೆ ಕೂರುವ ಅಗತ್ಯವೇನೆಂದು ರಾಯರು ಸಂಧ್ಯಾವಂದನೆಗೆ ಎದ್ದು ಹೋದರು.

ಮುಂದೆ ಕಾಕಾ ನೇರ ವೃಂದಾಳಿಗೇ ಬರೆಯತೊಡಗಿದ. ಒಂದು ಸಂಜೆ ಅವಳು ಅಪ್ಪನ ಹತ್ತಿರ ಬಂದು ನಿಂತಳು.

"ಅಪ್ಪಾ, ಆ ಕಾಕಾ ಛಲೋ ಇಲ್ಲ. ನೀ ಒಬ್ಬಾಕೀನ ಇದ್ದಾಗ ಹೇಳು ಅಂತಾರ. ಫೋಟೋ ಕಳಸು, ಅಪ್ಪಗ ಹೇಳಬ್ಯಾಡ ಅಂತಾರ. ನಾ ಎರಡ ದಿನದಿಂದ ಉತ್ತರಾ ಬರದಿಲ್ಲ."

ಮುಕುಂದರಾಯರಿಗೆ ಸಿಟ್ಟು ಬಂತು. ಬಂದದ್ದು ಯಾರ ಮೇಲೆ ಎಂದರೆ, ಮಗಳ ಮೇಲೆ. "ಅವರಿಗೆ ಮಕ್ಕಳಿಲ್ಲ, ಅಕ್ಕರತಿಲೆ ಕೇಳ್ತಾರ. ಹಿರಿಯರ ಬಗ್ಗೆ ಹಿಂಗ ಅಂತಾರೇನು? ಉತ್ತರಾ ಬರೀದ ಕುಂದರೂದು ಯಾವ ಸಂಸ್ಕಾರ? ಮೊದಲ ಮಾಫಿ ಕೇಳು."

ಅವಳು ಕೂತಳು. ಅವರು ಹಿಂದೆ ನಿಂತು ನೋಡಿದರು. ತಪ್ಪಾಯಿತು ಕಾಕಾ, ಇನ್ನು ಮುಂದೆ ಉತ್ತರ ಬರೆಯುತ್ತೇನೆ ಎಂದು ಅವಳು ಬರೆದಳು. ಇದಾದ ನಾಲ್ಕನೆಯ ದಿನವೇ ಶಾಲೆಯ ಭಾಷಣ.

ದಸರೆಯ ಸೂಟಿಗೆ ವೃಂದಾ ಕಮಲಾಪುರಕ್ಕೆ ಹೋದಳು. ಒಂದು ಮಧ್ಯಾಹ್ನ ರಾಯರು ಕಚೇರಿಯಲ್ಲಿ ಬುತ್ತಿ ಬಿಚ್ಚುವಾಗ ತಾಯಿಯ ಫೋನು ಬಂತು.

"ಮುಕುಂದಾ, ನಿನ್ನ ಮಾಧವರಾವ್ ಬಂದಾರ. ಹಣಿಗೆ ಅಂಗಾರಾ ಅಕ್ಷಂತಿ ಹಚ್ಚಿಕೊಂಡು ಎಷ್ಟು ಲಕ್ಷಣಾಗಿ ಇದ್ದಾರ. ನಮ್ಮ ಮನಿತನಾ ಎಲ್ಲಾ ಬಾಯಿಲೆ ಹೇಳಿದ್ರು, ನಿಮ್ಮಪ್ಪನ ಹೆಸರು ಸುದ್ಧಾ. ವೃಂದಾನ ತಾಯಿಗೆ ಆರಾಮಿಲ್ಲ, ಆಕೀನ್ನ ಕಾರಿನ್ಯಾಗ ಕರಕೊಂಡು ಬರ್ರಿ ಅಂತ ನೀನ ಕಳಿಸೀಯಂತಲ್ಲ."

"ನಾ ಯಾರನ್ನೂ ಕಳಿಸಿಲ್ಲ. ಅವ್ವಾ, ಆಕೀನ್ನ ಹೊರಗ ಬಿಡಬ್ಯಾಡ."

"ನಾ ಕಳಸ್ತಿದ್ದೆ. ಆದರ ಆಕಿ ಈಗಷ್ಟ ಹೊರಗಾಗ್ಯಾಳ, ಮೂರು ದಿನಾ ಹೆಂಗ ಕಳಸ್ಲಿ? ಹಂಗಂತ ಅವರಿಗೆ ಹೇಳಿದ್ರ, ನನಗೇನೂ ಅಡ್ಡಿಯಿಲ್ಲ, ಮುಟ್ಟಿದ್ರೂ ನಡೀತದ ಅಂದ್ರು. ಆಚಾರದ ಮನ್ಯಾಗಿನವ್ರು ಹಿಂಗ ಅಂತಾರೇನು ಅಂತ ನನಗ ಸಂಶೆ ಬಂತು. ಅದಕ್ಕ ನಿನಗ ಫೋನ್ ಹಚ್ಚೀನಿ. ತಡಿ, ನೋಡ್ತೀನಿ."

ಚಂದ್ರಾಬಾಯಿ ಪಡಸಾಲೆಗೆ ಬಂದು ನೋಡಿದಾಗ ಚಹಾ ಹಾಗೇ ಇತ್ತು. ಮನುಷ್ಯ ಇರಲಿಲ್ಲ, ಕಾರೂ ಇರಲಿಲ್ಲ.

ಮುಕುಂದರಾಯರು ಬುತ್ತಿಯನ್ನು ಬಿಚ್ಚಿದ ಹಾಗೇ ಬಿಟ್ಟು, ಹುಮನಾಬಾದ್ ಕಡೆಯ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದರು. ದಾರಿಯುದ್ದಕ್ಕೂ ಒಂದೇ ವಿಚಾರ. ಹುಡುಗಿಗೆ ಇವತ್ತೇ ಆ ದಿನ ಬಂದದ್ದು ದೇವರ ದಯೆ. ನಾಳೆ ಬಂದಿದ್ದರೆ? ದೇವರಿಗೆ ತುಪ್ಪದ ದೀಪ ಹಚ್ಚುವ ಹರಕೆಯನ್ನೂ ಹೊತ್ತರು.

ವೃಂದಾ ಹಿತ್ತಲ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬೇರೆ ತಾಟು, ಬೇರೆ ತಂಬಿಗೆ. ಮನೆಯ ಪದ್ಧತಿಯಂತೆ ರಾಯರು ದೂರದಲ್ಲೇ ನಿಂತರು.

"ಹತ್ರ ಬರ್ರಿ ಅಪ್ಪಾ, ಏನೂ ಆಗೂದಿಲ್ಲ," ಎಂದಳು. "ನಾ ಹೊರಗಾಗಿಲ್ಲ. ಸುಳ್ಳು ಹೇಳ್ದೆ."

"ಸುಳ್ಳು ಯಾಕ ಹೇಳಿದಿ?"

"ಮೊದಲ ಖರೇನ ಹೇಳ್ದೆ. ನಾ ಅವರ ಜೋಡಿ ಹೋಗೂದಿಲ್ಲ, ಒಲ್ಲೆ ಅಂದೆ. ಹಿರಿಯರಿಗೆ ಹಂಗ ಅನಬಾರದು, ನಿಮ್ಮಪ್ಪ ಕಳಿಸ್ಯಾನ, ಬ್ಯಾರೆ ಅರಬಿ ಹಾಕ್ಕೊಂಡು ಹೊರಡು ಅಂದ್ಲು ಅಜ್ಜಿ." ತಂಬಿಗೆ ಪಕ್ಕಕ್ಕೆ ಸರಿಸಿ ಹೇಳಿದಳು. "ಒಲ್ಲೆ ಅಂದ್ರ ಈ ಮನ್ಯಾಗ ಯಾರೂ ಕೇಳೂದಿಲ್ಲ. ಇದನ್ನ ಹೇಳಿದ್ರ ಎಲ್ಲಾರೂ ದೂರ ಸರೀತಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದ್ದಳು. ಮುಕುಂದರಾಯರು ಅಲ್ಲೇ ನೆಲದ ಮೇಲೆ ಕೂತರು. ನಾಚಿಕೆಯೆಂದರೆ ಏನೆಂದು ಅವರಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಕಚೇರಿಯಲ್ಲಿ ಸಾಹೇಬರು ಬೈದಾಗ ಆದದ್ದು ನಾಚಿಕೆಯಲ್ಲ. ಮದುವೆಯಲ್ಲಿ ಮಗಳು ಸೆರಗಿನ ಹಿಂದೆ ಸರಿದಾಗ ಆದದ್ದಂತೂ ಬರೀ ಜಂಬ. ಕಳ್ಳನಿಗೆ ತಾವೇ ಮನೆಯ ದಾರಿ ಹೇಳಿಕೊಟ್ಟಿದ್ದರು. ಮಗಳು ಎಚ್ಚರಿಸಿದರೆ ಅವಳಿಂದಲೇ ಕಳ್ಳನ ಕ್ಷಮೆ ಕೇಳಿಸಿದ್ದರು. ದೇವರ ದಯೆ ಎಂದುಕೊಂಡದ್ದು ಹದಿಮೂರರ ಹುಡುಗಿ ಒಬ್ಬಳೇ ಯೋಚಿಸಿ, ಹೆದರಿ, ಆಡಿದ ಸುಳ್ಳು. ಮಗಳ ಮುಖ ನೋಡಲಾಗದೆ ಅವರು ಚಾಪೆಯ ಅಂಚು ನೋಡುತ್ತ ಕೂತರು.

ಊರಿನ ಠಾಣೆಯಲ್ಲಿ ಹವಾಲ್ದಾರ ದೌಲಪ್ಪ ದೂರು ಬರೆದುಕೊಂಡ. ನೆರೆತ ಮೀಸೆಯ, ಮೆಲುಮಾತಿನ ಮನುಷ್ಯ.

"ಮನಿ ವಿಳಾಸ ಅವಗ ಯಾರು ಕೊಟ್ಟಾರ್ರೀ?"

"ನಾನ ಕೊಟ್ಟೀನ್ರೀ."

"ಹುಡುಗಿ ನಿಮಗ ಮೊದಲ ಏನೂ ಹೇಳಿದ್ದಿಲ್ಲೇನು?"

ಇಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು. ಪಕ್ಕದಲ್ಲಿ ನಿಂತಿದ್ದ ವೃಂದಾ ಅಲ್ಲಗಳೆಯುತ್ತಿರಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ಅವಳಿಗೆ ಕಲಿಸಿಯಾಗಿತ್ತು.

"ಹೇಳಿದ್ಲ್ರೀ," ಎಂದರು. "ನಾನ ಆಕೀ ಕಡಿಂದ ಅವಗ ಮಾಫಿ ಕೇಳಸ್ದೆ."

ದೌಲಪ್ಪ ಬರೆಯುವುದನ್ನು ನಿಲ್ಲಿಸಿ ಒಮ್ಮೆ ತಲೆ ಎತ್ತಿದ. ಮತ್ತೆ ತಗ್ಗಿಸಿ ಬರೆದ. ಬೈದಿದ್ದರೆ ರಾಯರಿಗೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆಯ ಬಸ್ಸಿಗೆ ಅಪ್ಪ ಮಗಳು ಹೊರಟರು. ಅಜ್ಜಿ ಕೊಟ್ಟ ಕೆಂಪು ಬಾಳೆಹಣ್ಣಿನ ಚೀಲ ವೃಂದಾಳ ತೊಡೆಯ ಮೇಲಿತ್ತು. ರಾಯರಿಗೆ ಸಭೆಯಲ್ಲಿ ತಲೆದೂಗಿದ ಪಾಲಕರ ಮುಖಗಳು ನೆನಪಾದವು. ಸೂಟಿ ಮುಗಿದ ಮೇಲೆ ಇನ್ನೊಮ್ಮೆ ಮಾತಾಡಬೇಕೆಂದು ಶಿವಕಾಂತಮ್ಮ ಹೇಳಿದ್ದರು. ಆಗಲಿ ಎಂದೂ ಅಂದಾಗಿತ್ತು. ಈಗ ಅವರಿಗೆ ಏನು ಹೇಳುವುದು? ಹುಡುಗರ ಹಿಂದೆ ಕುರ್ಚಿ ಹಾಕಿಕೊಂಡು ಕೂತರೆ ಸಾಲದು, ಕೂತವನಿಗೆ ಕಿವಿ ಇರಬೇಕು ಎನ್ನಬೇಕು. ಅದನ್ನು ಹೇಳಬೇಕಾದರೆ ತಮ್ಮ ಮರ್ಯಾದೆಯನ್ನು ಎಲ್ಲರೆದುರು ಬಿಚ್ಚಿಡಬೇಕು. ಆದರೂ ಹೇಳದೆ ಬೇರೆ ದಾರಿ ಕಾಣಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಒಬ್ಬ ಮುದುಕಿ ಹತ್ತಿ ವೃಂದಾಳ ಪಕ್ಕ ಕೂತಳು. ಹಣೆತುಂಬ ಕುಂಕುಮ, ಬಾಯಲ್ಲಿ ಎಲೆಅಡಿಕೆ, ಒಳ್ಳೆಯ ಜೀವದ ಹಾಗೆ ಕಂಡಳು. ಹುಡುಗಿಯ ಗಲ್ಲ ಹಿಡಿದು ಕೇಳಿದಳು.

"ಎಷ್ಟು ಚಂದ ಇದ್ದೀಯವ್ವ. ಹೆಸರೇನು? ಯಾರ ಪೈಕಿ ನೀನು?"

ವೃಂದಾಳ ಬೆನ್ನು ತಾನಾಗಿ ನೆಟ್ಟಗಾಯಿತು, ಎರಡೂ ಕೈ ಜೋಡಿದವು. ಆಮೇಲೆ ಅಪ್ಪನ ಕಡೆ ನೋಡಿದಳು. ಹೇಳು ಎನ್ನುವ ಬಾಯಿ ಮುಕುಂದರಾಯರಿಗೆ ಉಳಿದಿರಲಿಲ್ಲ. ಬೇಡ ಎನ್ನುವ ಹಕ್ಕೂ ತಮಗಿಲ್ಲ ಎನಿಸಿತು.

"ನನಗ ಹೇಳೂಕ ಮನಸಿಲ್ರೀ ಅಜ್ಜಿ," ಎಂದಳು ವೃಂದಾ.

ಮುದುಕಿ ಕೈ ಹಿಂದೆ ತೆಗೆದಳು. ಬಸ್ಸಿನ ನಾಲ್ಕು ಜನ ತಿರುಗಿ ನೋಡಿದರು. ಅವಳು ರಾಯರ ಕಡೆ ತಿರುಗಿ, "ನಿಮ್ಮ ಮಗಳೇನ್ರೀ? ಹಿರಿಯರಿಗೆ ಹಿಂಗ ಅಂತಾರೇನು?" ಎಂದಳು.

"ಅಂತಾರ್ರೀ," ಎಂದರು ಮುಕುಂದರಾಯರು, ತಗ್ಗಿಸಿದ ತಲೆ ಎತ್ತದೆ. "ಅನಬೇಕ್ರೀ."

ವೃಂದಾ ಜೋಡಿಸಿದ ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದಳು. ಕಲಬುರಗಿ ಬರುವವರೆಗೂ ಅವಳು ಅಪ್ಪನ ಕಡೆ ನೋಡಲಿಲ್ಲ. ಇತ್ತ ನೋಡು ಎಂದು ಕರೆಯುವ ಧೈರ್ಯ ಅವರಿಗೂ ಆಗಲಿಲ್ಲ.