ಮೂರು ಚಮಚ ಔಷಧಿ

ಬೇಸಿಗೆ ರಜೆಯ ಎರಡನೆಯ ವಾರಕ್ಕೆ ನಮ್ಮ ಮನೆಯ ಮೂರು ಹುಡುಗರಲ್ಲಿ ಯಾರು ಯಾರೆಂದು ಹಿಂದಿನಿಂದ ನೋಡಿ ಹೇಳುವುದು ಕಷ್ಟವಾಗಿತ್ತು. ಸೆಕೆಯೆಂದು ಮೂವರಿಗೂ ಒಂದೇ ದಿನ ತಲೆಗೂದಲು ಸಣ್ಣಗೆ ಕತ್ತರಿಸಿ ಆಗಿತ್ತು. ಅದು ಸಾಲದೆಂಬಂತೆ, ದರ್ಜಿಯಾದ ನನ್ನ ಗಂಡ ಯಾವುದೋ ಹೋಟೆಲಿನ ಪರದೆ ಹೊಲಿದು ಉಳಿದ ನೀಲಿ ಗೀರಿನ ಬಟ್ಟೆಯಲ್ಲಿ ಮೂವರಿಗೂ ಎರಡೆರಡು ಅಂಗಿ ಹೊಲಿದಿದ್ದರು. ನನ್ನ ಮಗ ಗುಬ್ಬಿ, ವಾರಗಿತ್ತಿಯ ಮಗ ಗುಂಡು, ರಜೆಗೆಂದು ಬಂದ ನಾದಿನಿಯ ಮಗ ಮೌನಿ. ಮೂವರಿಗೂ ನಾಲ್ಕೈದು ವರ್ಷ. ಮೌನಿಗೆ ಆ ಹೆಸರಿಟ್ಟದ್ದು ಹತ್ತು ವರ್ಷದ ನನ್ನ ಮಗಳು. ಅವನು ಬಂದು ಹನ್ನೊಂದು ದಿನವಾಗಿತ್ತು. ಆಡಿದ ಮಾತು ಹನ್ನೊಂದಿದ್ದರೆ ಹೆಚ್ಚು.

ಆ ದಿನ ಬೆಳಿಗ್ಗೆ ಗುಬ್ಬಿಯ ಹಣೆ ಸುಡುತ್ತಿತ್ತು. ಎಂಟು ಗಂಟೆಗೆ ನಾನೇ ಒಂದು ಚಮಚ ಜ್ವರದ ಔಷಧಿ ಹಾಕಿದೆ. ಆರು ಗಂಟೆಗೊಮ್ಮೆ, ಅದಕ್ಕಿಂತ ಮುಂಚೆ ಬೇಡ ಎಂದು ಔಷಧಿ ಅಂಗಡಿಯವರು ಹೇಳಿದ್ದರು. ಬಾಟಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಬಟ್ಟೆ ಒಗೆದು, ಸಾಮಾನು ತರಲು ಹೋದೆ.

ಎರಡು ಗಂಟೆಗೆ ಬಾಟಲಿ ಎತ್ತಿದರೆ ಒಂದು ಚಮಚವಲ್ಲ, ಮೂರು ಚಮಚದಷ್ಟು ಇಳಿದಿತ್ತು.

"ಅಕ್ಕಾ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

ವಾರಗಿತ್ತಿ ಪಾತ್ರೆ ಉಜ್ಜುತ್ತಲೇ ಹೇಳಿದಳು, "ಹನ್ನೊಂದು ಗಂಟೆಗೆ ನಾನೇ ಹಾಕ್ದೆ ಕಣೆ. ಬಾಟ್ಲಿ ಹೊರಗೇ ಇತ್ತು. ಗಡಿಬಿಡೀಲಿ ನೀನು ಮರೆತು ಹೋದೆಯೇನೋ ಅಂತ."

ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. "ಹನ್ನೆರಡಕ್ಕೆ ನಾನು ಹಾಕಿದ್ನಲ್ಲ. ಮಗು ಮುದುರಿಕೊಂಡು ಮಲಗಿತ್ತು, ಪಾಪ. ನಿಮಗೆಲ್ಲಿ ಪುರಸೊತ್ತು."

ನಾಲ್ಕು ಗಂಟೆಯೊಳಗೆ ಮೂರು ಚಮಚ. ಗುಬ್ಬಿ ಬಾಗಿಲ ಬಳಿ ಬರಿನೆಲದ ಮೇಲೆ ಬಿದ್ದುಕೊಂಡಿದ್ದ. ಮೈ ಕಾದ ಕಾವಲಿ. ಮೂರು ಚಮಚ ಕುಡಿದ ಮಗುವಿನ ಜ್ವರ ಚೂರೂ ಇಳಿದಿಲ್ಲವೇಕೆ? ಇಳಿದಿಲ್ಲವೆಂದು ನಾಲ್ಕನೆಯದು ಹಾಕುವುದೇ?

ಅಂಗಡಿಗೆ ಫೋನು ಮಾಡಿದೆ. "ಮೂರು ಸಲವೂ ಒಂದೇ ಮಗುವಿಗೆ ಹೋಗಿದ್ರೆ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಎಂಟು ಗಂಟೇದು ಬಿಟ್ಟು ಬೇರೆ ಹೋಗಿಲ್ಲ ಅಂದ್ರೆ ಒಂದು ಚಮಚ ಕೊಡಿ," ಎಂದರು ಅವರು. "ಯಾವುದು ಅಂತ ನೀವೇ ಹೇಳ್ಬೇಕಮ್ಮ."

ನಾನೇ ಹೇಳಬೇಕಂತೆ.

"ನೀವು ಹಾಕಿದ್ದು ಗುಬ್ಬಿಗೇ ತಾನೇ ಅತ್ತೆ?"

"ಮತ್ತೆ ಇನ್ಯಾರಿಗೆ? ನೀಲಿ ಅಂಗಿ ಹಾಕ್ಕೊಂಡಿತ್ತು."

ಹೊಲಿಗೆ ಯಂತ್ರದ ಸದ್ದು ನಿಂತಿತು. ನನ್ನ ಗಂಡ ಬಾಗಿಲಿಗೆ ಬಂದರು. "ಅಮ್ಮಾ, ಕನ್ನಡಕ ಹಾಕ್ಕೊಂಡಿದ್ದೆಯಾ?"

"ಕನ್ನಡಕದ ಮಾತು ಆಮೇಲೆ. ಒಬ್ಬೊಬ್ಬನಿಗೆ ಒಂದೊಂದು ಬಣ್ಣ ಹೊಲಿದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಕಿಟಕಿ ಹತ್ರ ನಿಂತ್ರೆ ಪರದೆ ಯಾವುದು, ಮೊಮ್ಮಗ ಯಾವನು ತಿಳಿಯಲ್ಲ."

ನನ್ನ ಗಂಡ, ಆಸ್ಪತ್ರೆಗೆ ಬೇಕಾದೀತೆಂದು, ಆಟೋದವನಿಗೆ ಹೇಳಿಬರಲು ಚಪ್ಪಲಿ ಮೆಟ್ಟಿದರು.

ಹುಡುಗರನ್ನೇ ಕೇಳೋಣವೆಂದು ಕರೆದೆ. ಗುಂಡು, "ನಾನು ಕುಡ್ದೆ. ಇನ್ನೂ ಬೇಕು," ಎಂದ. ಅವನ ಮಾತನ್ನು ನಂಬುವ ಹಾಗಿಲ್ಲ. ಸಿಹಿ ಸಿಗುವುದಾದರೆ ಯಾವುದಕ್ಕೂ ಹೂಂ ಅನ್ನುವವನು. ಮೌನಿಯನ್ನು ಕೇಳಿದರೆ ತಲೆಯಾಡಿಸಿದ. "ನಿಂಗೆ ಕೊಂಬಿದೆಯಾ?" ಎಂದು ನನ್ನ ಮಗಳು ಕೇಳಿದಾಗಲೂ ತಲೆಯಾಡಿಸಿದ. ಮೂವರ ನಾಲಿಗೆ ನೋಡಿದೆ, ಕೆಂಪು ಔಷಧಿಯಲ್ಲವೇ ಎಂದು. ಮೂರೂ ಕೆಂಪು. ಹತ್ತು ಗಂಟೆಗೆ ಮಗಳು ಎಲ್ಲರಿಗೂ ಬಣ್ಣದ ಐಸ್‌ಕಡ್ಡಿ ಕೊಡಿಸಿದ್ದಳಂತೆ, ಗುಬ್ಬಿಗೂ ಸೇರಿಸಿ. ಬೈಯಲೂ ಹೊತ್ತಿರಲಿಲ್ಲ.

"ಎಂಟು ಗಂಟೇದಂತೂ ಗುಬ್ಬಿಗೇ ಹೋಗಿದೆ," ಎಂದೆ. "ನಾನೇ ಹಾಕಿದ್ದು. ಹೆತ್ತವಳಿಗೆ ಗೊತ್ತಾಗಲ್ವಾ?"

ಮಗಳು ನನ್ನ ಮುಖ ನೋಡಿದಳು. "ಅಮ್ಮಾ, ಅವ್ನು ಸುಮ್ನೆ ಕುಡಿದ್ನಾ?"

"ಹೂಂ, ಜಾಣನ ಹಾಗೆ."

ಹೇಳಿದ ಮೇಲೆ ನನಗೇ ಅನುಮಾನವಾಯಿತು: ಗುಬ್ಬಿ ಎಂದಾದರೂ ಔಷಧಿಯನ್ನು ಸುಮ್ಮನೆ ಕುಡಿದದ್ದುಂಟೇ? ಬೆಳಿಗ್ಗೆ ಹಣೆ ಮುಟ್ಟಿ ನೋಡಿ, ಚಮಚ ತರಲು ಅಡುಗೆಮನೆಗೆ ಹೋದಾಗ ಹಾಲು ಉಕ್ಕಿತ್ತು. ಒಲೆ ಒರೆಸಿ ಬಂದೆ. ಕೋಣೆಯಲ್ಲಿ ಕತ್ತಲು. ಕಿವಿಯವರೆಗೆ ಹೊದಿಕೆ, ಇಣುಕುವ ನೀಲಿ ತೋಳು, ಗೋಡೆಗೆ ತಿರುಗಿದ ಸಣ್ಣ ತಲೆ.

ಒಳಗೆ ಹೋಗಿ ಔಷಧಿಯ ಚಮಚಕ್ಕೆ ಬರಿಯ ನೀರು ತುಂಬಿ ತಂದೆ. ಗುಂಡು ನನ್ನನ್ನು ಕಂಡದ್ದೇ ಬಾಯಿ ತೆರೆದ, ಕುಡಿದು "ಸಪ್ಪೆ" ಎಂದ. ಮೌನಿ ಕಣ್ಣು ಮುಚ್ಚಿ ನುಂಗಿದ. ಗುಬ್ಬಿಯ ತುಟಿಗೆ ಚಮಚ ತಾಗಿದ್ದೇ ತಡ, ಹಲ್ಲು ಕಚ್ಚಿದ, ಒದ್ದ, ನೀರನ್ನೆಲ್ಲ ನನ್ನ ಎದೆಗೆ ಚೆಲ್ಲಿದ. ಬೆರಳಿಟ್ಟು ಬಾಯಿ ಬಿಡಿಸಹೋದರೆ ಬೆರಳನ್ನೇ ಕಚ್ಚಿದ.

ಬೆರಳು ಹಿಡಿದುಕೊಂಡೇ ಕೇಳಿದೆ. "ಅಕ್ಕಾ, ನಿಂಗೆ ಕಚ್ಚಿದ್ನಾ?"

"ಇಲ್ವಲ್ಲ. ಹಕ್ಕಿಮರಿ ಥರ ಬಾಯಿ ತೆಗೆದ."

ಹಾಗಾದರೆ ಅದು ಗುಂಡು.

"ಅತ್ತೆ, ನಿಮಗೆ?"

"ಕಚ್ಚೋದಾ? ತುಟಿ ಒರೆಸಿಕೊಂಡು ಮತ್ತೆ ಮಲಗ್ತು."

ಅದು ಮೌನಿ. ನನಗೂ ಬೆಳಿಗ್ಗೆ ಯಾರೂ ಕಚ್ಚಿರಲಿಲ್ಲ; ಸದ್ದಿಲ್ಲದೆ ನುಂಗಿದ್ದ, ಅದೂ ಮೌನಿಯೇ. ಅದನ್ನು ಯಾರೂ ಕೇಳಲಿಲ್ಲ, ನಾನೇ ಹೇಳಿದೆ.

ಗುಬ್ಬಿಯ ಹೊಟ್ಟೆಗೆ ಇನ್ನೂ ಒಂದು ಹನಿಯೂ ಹೋಗಿರಲಿಲ್ಲ. ಅಕ್ಕ ಕಾಲು ಹಿಡಿದಳು, ಮಗಳು ಕೈ ಹಿಡಿದಳು, ನಾನು ಈ ಸಲ ಮುಖ ನೋಡಿಕೊಂಡೇ ಔಷಧಿ ಹಾಕಿದೆ. ಮತ್ತೆ ಅಂಗಡಿಗೆ ಫೋನು: ಜ್ವರವಿಲ್ಲದ ಇನ್ನೊಬ್ಬನಿಗೆ ಎಂಟಕ್ಕೊಂದು, ಹನ್ನೆರಡಕ್ಕೊಂದು ಚಮಚ ಹೋಗಿದೆ. ಅವರು ತೂಕ ಕೇಳಿ, ಗಾಬರಿಯಿಲ್ಲ, ಇವತ್ತು ಇನ್ನು ಕೊಡಬೇಡಿ, ಕಣ್ಣಿಟ್ಟಿರಿ ಎಂದರು. ನನ್ನ ಗಂಡ ಬಂದ ಆಟೋವನ್ನು ವಾಪಸು ಕಳಿಸಿದರು.

ಗುಬ್ಬಿ ನನ್ನ ಮಡಿಲಲ್ಲಿ ಬಿಕ್ಕುತ್ತಲೇ ಕಣ್ಣು ಮುಚ್ಚಿದ. ಮೌನಿ ಗೋಡೆಗೊರಗಿ ನಿಂತಿದ್ದ.

"ಬೆಳಿಗ್ಗೆ ನಾನು ಔಷಧಿ ಹಾಕುವಾಗ ನೀನು ಗುಬ್ಬಿ ಅಲ್ಲ ಅಂತ ಯಾಕೋ ಹೇಳಲಿಲ್ಲ ಕಂದ?"

ಅವನು ಅಂಗಿಯ ಗುಂಡಿ ತಿರುಗಿಸಿದ.

"ನೀವು ತಲೆ ಸವರ್ತಾ ಇದ್ರಿ, ಅತ್ತೆ," ಎಂದ.

ಹನ್ನೊಂದು ದಿನದಲ್ಲಿ ಅವನ ಅಮ್ಮನ ಫೋನು ಬಂದದ್ದು ಎರಡು ಸಲ. ಊಟ ಬಡಿಸುವಾಗ, ಸ್ನಾನ ಮಾಡಿಸುವಾಗ ನಾನು ತಲೆ ಎಣಿಸಿದ್ದೆ, ಸವರಿರಲಿಲ್ಲ. ತಪ್ಪು ಯಾವುದು, ಬೆಳಿಗ್ಗೆಯದೋ ಅದಕ್ಕೆ ಮುಂಚಿನ ಹನ್ನೊಂದು ದಿನದ್ದೋ, ನನಗೆ ತಿಳಿಯಲಿಲ್ಲ. ಇನ್ನೊಂದು ತೊಡೆ ತಟ್ಟಿ ಕರೆದೆ. ಬಂದು ತಲೆಯಿಟ್ಟ. ನಾನು ಏಳಬೇಕಾಗದಂತೆ ಒಲೆಯ ಮೇಲಿದ್ದ ಹಾಲನ್ನು ಅಕ್ಕ ಇಳಿಸಿದಳು.